ಹಳೆಯ ಗಿಟಾರ್ ಕೊಳ್ಳುವವರು ಮೊದಲು ನೆಕ್ ನೋಡಲಿ

ಸೆಕೆಂಡ್ ಹ್ಯಾಂಡ್ ಗಿಟಾರ್ ಕೊಳ್ಳಲು ಹೊರಟ ಗೆಳೆಯರು ಜೊತೆಗೆ ಕರೆದಾಗ ನಾನು ಬಣ್ಣವನ್ನಾಗಲಿ ಗೀರುಗಳನ್ನಾಗಲಿ ಮೊದಲು ನೋಡುವುದಿಲ್ಲ. ನೆಕ್, ಅಂದರೆ ತಂತಿಗಳು ಹಾಯುವ ಉದ್ದನೆಯ ಹಿಡಿ, ಗಿಟಾರ್‌ನ ಒಡಲಿಗೆ (ಬಾಡಿ) ಸೇರುವ ಜಾಗವನ್ನು ನೋಡುತ್ತೇನೆ. ಅಲ್ಲಿರುವುದು ಅಂಟೋ ಸ್ಕ್ರೂವೋ ಎಂಬುದರ ಮೇಲೆ ಮುಂದಿನ ರಿಪೇರಿಯ ಖರ್ಚು ನಿಂತಿರುತ್ತದೆ.

ಸ್ಕ್ರೂ ಹಾಕಿದ ನೆಕ್ ಅನ್ನು ಜನಪ್ರಿಯಗೊಳಿಸಿದ ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು, ಗಿಟಾರ್ ನುಡಿಸಲು ಬಾರದವರು. ವಾದ್ಯವನ್ನು ಅವರು ರೇಡಿಯೊದಂತೆಯೇ ಕಂಡರು: ಕೆಟ್ಟ ಭಾಗವನ್ನು ಬಿಚ್ಚಿ ಹೊಸದನ್ನು ಹಾಕುವಂತಿರಬೇಕು. ಹೀಗಾಗಿ 1950ರಲ್ಲಿ ಬಂದ ಅವರ ಎಲೆಕ್ಟ್ರಿಕ್ ಗಿಟಾರ್ ಬ್ರಾಡ್‌ಕಾಸ್ಟರ್‌ನಲ್ಲಿ ಹಲಗೆಯಂತಹ ಗಟ್ಟಿ ಒಡಲಿಗೆ ಮೇಪಲ್ ಮರದ ನೆಕ್ ಅನ್ನು ನಾಲ್ಕೇ ಸ್ಕ್ರೂಗಳಿಂದ ಬಿಗಿಯಲಾಗಿತ್ತು. ಅದೇ ಉಚ್ಚಾರದ ಹೆಸರಿನ ಡ್ರಮ್‌ಗಳನ್ನು ಮಾರುತ್ತಿದ್ದ ಗ್ರೆಚ್ ಕಂಪನಿ ಆಕ್ಷೇಪಿಸಿದ್ದರಿಂದ 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ, ಬದಲಾಗಬೇಕಾದ ಕಾರಣವೂ ನನಗೆ ಕಾಣುವುದಿಲ್ಲ.

ಬಳಸಿದ ಗಿಟಾರ್ ಕೊಳ್ಳುವವರಿಗೆ ಈ ವಿನ್ಯಾಸ ವರವೂ ಹೌದು, ಬಲೆಯೂ ಹೌದು. ನೆಕ್‌ನ ಕೋನ ಸರಿಯಿಲ್ಲದಿದ್ದರೆ ಸ್ಕ್ರೂ ಬಿಚ್ಚಿ ತೆಳುವಾದ ಪಟ್ಟಿಯೊಂದನ್ನು ಇಟ್ಟರೆ ಸಾಕು. ಆದರೆ ಅಷ್ಟೇ ಸುಲಭವಾಗಿ ಒಂದರ ನೆಕ್ ಇನ್ನೊಂದರ ಒಡಲಿಗೆ ಸೇರಿಹೋಗುತ್ತದೆ. ಹಳೆಯ ಫೆಂಡರ್‌ಗಳಲ್ಲಿ ನೆಕ್‌ನ ಬುಡದ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖು ಹಲವು ಬಾರಿ ಸಿಗುತ್ತದೆ. ಒಳಗಿನ ವಾಲ್ಯೂಮ್ ಪಾಟ್‌ನ, ಅಂದರೆ ದನಿಯನ್ನು ಏರಿಳಿಸುವ ಬಿಡಿಭಾಗದ, ಬೆನ್ನಿನ ಮೇಲೂ ಸಂಖ್ಯೆಗಳಿರುತ್ತವೆ. ಉದಾಹರಣೆಗೆ, 1376612 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿಯ ಗುರುತು, ಉಳಿದದ್ದು 1966ರ 12ನೆಯ ವಾರ. ಗಿಟಾರ್ 1962ರದ್ದೆಂದು ಮಾರುವವರು ಹೇಳಿದರೆ, ಪಾಟ್ ಏಕೆ ಬದಲಾಯಿತೆಂದು ಕೇಳುವುದು ನ್ಯಾಯ.

ನೆಕ್ ಅನ್ನು ಅಂಟಿಸಿದ, ವಿದ್ಯುತ್ ಬೇಡದ ಅಕೌಸ್ಟಿಕ್ ಗಿಟಾರ್‌ನ ಲೆಕ್ಕ ಬೇರೆ. ಸ್ಯಾಕ್ಸನಿಯಿಂದ 1833ರಲ್ಲಿ ಅಮೆರಿಕಕ್ಕೆ ಬಂದ ಸಿ. ಎಫ್. ಮಾರ್ಟಿನ್ ಅವರ ಕಾರ್ಯಾಗಾರದಲ್ಲಿ 1840ರ ದಶಕದಲ್ಲಿ ನೆಲೆಗೊಂಡ ಎಕ್ಸ್ ಆಕಾರದ ಒಳಪಟ್ಟಿಗಳ ಜೋಡಣೆ ಕರುಳಿನ ತಂತಿಗಳ ಕಾಲದ್ದು. ಅದೇ ಜೋಡಣೆ ಮುಂದೆ ಉಕ್ಕಿನ ತಂತಿಗಳ ಎಳೆತವನ್ನೂ ತಾಳಿಕೊಂಡಿತು. 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಕಂಪನಿಗಾಗಿ ಮಾರ್ಟಿನ್ ಕಂಪನಿ ಮಾಡಿಕೊಟ್ಟ ದೊಡ್ಡ ಒಡಲಿನ ಗಿಟಾರ್‌ಗೆ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ನ ಹೆಸರು ಬಂತು, ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಆಕಾರ ಅದೇ. ಸುಮಾರು 70 ಕಿಲೊ ತೂಕದಷ್ಟು ಎಳೆತವನ್ನು ತೆಳ್ಳನೆಯ ಸ್ಪ್ರೂಸ್ ಮರದ ಹಲಗೆ ದಶಕಗಳ ಕಾಲ ಹೊತ್ತರೆ, ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್‌ನ ಹಿಂದೆ ಹೊಟ್ಟೆ ಉಬ್ಬುತ್ತದೆ, ನೆಕ್ ಮುಂದಕ್ಕೆ ವಾಲುತ್ತದೆ. ನೇರವಾದ ಸ್ಕೇಲನ್ನು ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಮೇಲಿಟ್ಟು ಬ್ರಿಡ್ಜ್‌ನತ್ತ ಸರಿಸಿದಾಗ ಅದರ ತುದಿ ಬ್ರಿಡ್ಜ್‌ನ ಮೇಲ್ಭಾಗಕ್ಕೆ ತಾಗಬೇಕು; ತಗ್ಗಿ ಅದರ ಮೈಗೆ ಬಡಿದರೆ, ಅಂಟನ್ನು ಹಬೆಯಿಂದ ಸಡಿಲಿಸಿ ನೆಕ್ ಕೂರಿಸುವ ದುಬಾರಿ ಕೆಲಸ ಕಾದಿದೆ ಎಂದರ್ಥ. ಅಗ್ಗದ ಗಿಟಾರ್‌ಗೆ ಇದನ್ನು ಮಾಡಿಸುವುದು ದಂಡ.

ಮರದ ವಿಷಯದಲ್ಲಿ ನಮ್ಮ ನಾಡಿನ ಪಾಲೂ ಇದೆ. 1969ರವರೆಗೆ ತನ್ನ ಡಿ-28 ಎಂಬ ಮಾದರಿಯ ಗಿಟಾರ್‌ನ ಬೆನ್ನು, ಪಕ್ಕಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದ ಮಾರ್ಟಿನ್, ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆದ ಮೇಲೆ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಬೀಟೆಗೆ, ಹೊರಳಿತು. ಸಂಗ್ರಾಹಕರು ಹಳೆಯದಕ್ಕೆ ಹಲವು ಪಟ್ಟು ಹಣ ಕೊಡುತ್ತಾರೆ. ಬೀಟೆಯ ನಾದ ಅದಕ್ಕಿಂತ ಕೀಳೆಂದು ನನ್ನ ಕಿವಿಗಂತೂ ಅನಿಸಿಲ್ಲ. ಬೀಟೆಯ ಸಿದ್ಧ ವಾದ್ಯಗಳನ್ನು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿರ್ಬಂಧದಿಂದ 2019ರಲ್ಲಿ ಬಿಡಲಾಯಿತು, ಬ್ರೆಜಿಲ್‌ನ ಮರ ಮಾತ್ರ 1992ರಿಂದಲೂ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲೇ ಇದೆ. ಆದ್ದರಿಂದ ಅಮೆರಿಕದಿಂದ ಊರಿಗೆ ಮರಳುವಾಗ ಹಳೆಯ ಡಿ-28 ತರಬೇಕೆಂದಿರುವವರು ಹಣ ಕೊಡುವ ಮುನ್ನ ಒಡಲಿನೊಳಗೆ ನೆಕ್ ಸೇರುವ ಮರದ ತುಂಡಿನ (ನೆಕ್ ಬ್ಲಾಕ್) ಮೇಲಿರುವ ಸೀರಿಯಲ್ ನಂಬರಿನಿಂದ ಅದರ ವರ್ಷವನ್ನು ತಿಳಿದುಕೊಂಡು, ಅನುಮತಿ ಪತ್ರದ ವ್ಯವಸ್ಥೆಯನ್ನೂ ವಿಚಾರಿಸಿಕೊಳ್ಳಬೇಕು.