"ಎಲ್ಲಿ ಸುಸ್ತು ಅಮ್ಮಾ?"

ಡಯಾಲಿಸಿಸ್ ಘಟಕದಲ್ಲಿ ನಾನು ನರ್ಸ್. ಅತಿ ಹೆಚ್ಚು ಕೇಳುವ ಮಾತು "ಸುಸ್ತು ಸಿಸ್ಟರ್". ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್ ಇರುತ್ತದೆ. ಮುಗಿಸಿ ಮನೆಗೆ ಹೋದವರಲ್ಲಿ ಎಷ್ಟೋ ಜನಕ್ಕೆ ಆ ದಿನ ಎದ್ದು ಓಡಾಡಲೂ ಆಗುವುದಿಲ್ಲ. ಒಂದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಇದು. ಕಿಡ್ನಿ ಸೋತಾಗ, ಕೆಂಪು ರಕ್ತಕಣ ಹುಟ್ಟಿಸುವ ಎರಿಥ್ರೊಪೊಯೆಟಿನ್ ಹಾರ್ಮೋನ್ ಕಡಿಮೆಯಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ. ಅದರ ಮೇಲೆ, ಕೆಲವೇ ಗಂಟೆಗಳಲ್ಲಿ ಮೈಯಿಂದ ನೀರು ತೆಗೆದಾಗ ಬಿಪಿಯೂ ಕುಸಿಯಬಹುದು.

ಇಂಥವರಿಗೆ ಧ್ಯಾನ ಅಂತ "ಕಣ್ಣು ಮುಚ್ಚಿ, ಏನೂ ಯೋಚಿಸಬೇಡಿ" ಅಂದರೆ ಪ್ರಯೋಜನವಿಲ್ಲ. ಅದು ಆಗದ ಕೆಲಸ. ನಾವು ಮಾಡಿಸುವುದು ಬಾಡಿ ಸ್ಕ್ಯಾನ್. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಮೈಂಡ್‌ಫುಲ್‌ನೆಸ್ (ಈ ಕ್ಷಣ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ) ತರಬೇತಿಯ ಮುಖ್ಯ ಅಭ್ಯಾಸ ಅದು. ಮಲಗಿದಲ್ಲೇ ಪಾದದಿಂದ ತಲೆಯವರೆಗೆ ಒಂದೊಂದೇ ಭಾಗವನ್ನು ಗಮನಿಸುತ್ತಾ ಹೋಗುವುದು, ಅಷ್ಟೇ. ಸೂಜಿ ಚುಚ್ಚಿದ ಫಿಸ್ಟುಲಾ ಕೈ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಕೈ) ಅಲ್ಲಾಡಿಸುವಂತಿಲ್ಲ ಅಲ್ವಾ, ಅವರಿಗೆ ಇದು ಸರಿಹೊಂದುತ್ತದೆ. ಕೊನೆಯ ಗಂಟೆಯಲ್ಲಿ ಬೇಡ. ಮೀನಖಂಡ ಹಿಡಿದುಕೊಳ್ಳುವುದು, ಬಿಪಿ ಇಳಿಯುವುದು ಆಗಲೇ ಜಾಸ್ತಿ.

ಟೈಲರಿಂಗ್ ಮಾಡುವ ಒಬ್ಬ ಅಮ್ಮನನ್ನು ಕೇಳಿದೆ, "ಎಲ್ಲಿ ಸುಸ್ತು ಅಮ್ಮಾ?"

"ಮೈಯೆಲ್ಲಾ."

ಪಾದದಿಂದ ನೋಡುತ್ತಾ ಬಂದೆವು. ಕಾಲು ಭಾರ. ಸೊಂಟ ಪರವಾಗಿಲ್ಲ. ಭುಜ ಕಿವಿಯವರೆಗೆ ಏರಿ ಬಿಗಿದಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತೆವು. "ಸಂಜೆ ಅಡುಗೆ ಯಾರು ಮಾಡ್ತಾರೆ ಅಂತ ಬೆಳಗ್ಗೆಯಿಂದ ತಲೇಲಿ ಅದೇ ಸಿಸ್ಟರ್" ಅಂದರು.

ಮೈಯ ಸುಸ್ತು ಬೇರೆ, ಅದರ ಮೇಲೆ ಹೇರಿಕೊಂಡ ಚಿಂತೆ ಬೇರೆ. ಅಭ್ಯಾಸದಿಂದ ಹಗುರಾಗುವುದು ಹೆಚ್ಚಾಗಿ ಎರಡನೆಯದು. ಹಿಮೋಗ್ಲೋಬಿನ್ ಇದರಿಂದ ಏರುವುದಿಲ್ಲ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಅಮ್ಮ ಈಗ ಹೊಲಿಗೆ ಮಿಷನ್ ಮುಂದೆ ಭುಜ ಏರಿದ್ದು ಗೊತ್ತಾದ ಕೂಡಲೇ ಎದ್ದು ಒರಗಿಕೊಳ್ಳುತ್ತಾರೆ. ಮೊದಲಾದರೆ ಬ್ಲೌಸ್ ಮುಗಿಸಿಯೇ ಏಳುತ್ತಿದ್ದರು, ಮಾರನೇ ದಿನ ಪೂರ್ತಿ ಹಾಸಿಗೆ.

ಇನ್ನೊಂದು ಲಾಭ ನಮಗೆ, ಸಿಬ್ಬಂದಿಗೆ. ಬರೀ "ಸುಸ್ತು" ಅನ್ನುತ್ತಿದ್ದವರು ಈಗ "ಮೆಟ್ಟಿಲು ಹತ್ತಿದರೆ ಏದುಸಿರು, ಹೋದ ವಾರ ಇರಲಿಲ್ಲ" ಅನ್ನುತ್ತಾರೆ. ಅಂಥ ಮಾತು ಬಂದರೆ ಅಭ್ಯಾಸ ಪಕ್ಕಕ್ಕಿಡುತ್ತೇವೆ. ತೂಕ, ಬಿಪಿ ನೋಡಿ ಡಾಕ್ಟರಿಗೆ ಹೇಳುತ್ತೇವೆ. ಮೈಯಲ್ಲಿ ನೀರು ನಿಂತಿದೆಯಾ, ರಕ್ತ ಕಡಿಮೆಯಾಗಿದೆಯಾ ಅಂತ ಮೊದಲು ಅವರು ನೋಡಬೇಕು.