ಪಿಚ್‌ಗೆ ಬೀಳದ ಚೆಂಡು ಗಾಳಿಯಲ್ಲೇ ಹೇಗೆ ತಿರುಗುತ್ತದೆ?

ಕ್ರಿಕೆಟ್ ನೋಡಿ ಬೆಳೆದವರು ಬೇಸ್‌ಬಾಲ್ ಪಂದ್ಯದ ಮುಂದೆ ಕೂತರೆ ಕೇಳುವ ಮೊದಲ ಪ್ರಶ್ನೆ ಇದು: ‘ಚೆಂಡು ನೆಲಕ್ಕೇ ಬೀಳೋದಿಲ್ವಲ್ಲ, ಮತ್ತೆ ಹೇಗೆ ತಿರುಗುತ್ತೆ? ನಿಜವಾಗಿ ಬಾಗುತ್ತಾ, ಇಲ್ಲ ನಮ್ಮ ಕಣ್ಣಿಗೆ ಹಾಗೆ ಕಾಣುತ್ತಾ?’

ನಿಜವಾಗಿಯೇ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂದು ಅಳೆದೂ ಆಗಿದೆ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ನಿವೃತ್ತ ನಿರ್ದೇಶಕ ಲೈಮನ್ ಬ್ರಿಗ್ಸ್ ಈ ಪ್ರಯೋಗವನ್ನು 1959ರಲ್ಲಿ ಪ್ರಕಟಿಸಿದರು. ಅವರ ಉಪಾಯ ಬಹಳ ಸರಳ. ಹಗುರವಾದ ಚಪ್ಪಟೆ ಟೇಪಿನ ಒಂದು ತುದಿಯನ್ನು ಚೆಂಡಿಗೆ ಅಂಟಿಸಿ, ಉಳಿದದ್ದನ್ನು ನೆಲದ ಮೇಲೆ ಸಡಿಲವಾಗಿ ಹಾಸಿ, ವಾಷಿಂಗ್ಟನ್ ಸೆನೇಟರ್ಸ್ ಬೇಸ್‌ಬಾಲ್ ತಂಡದ ಪಿಚರ್‌ಗಳ (ಚೆಂಡು ಎಸೆಯುವವರ) ಕೈಲಿ ಎಸೆಸಿದರು. ಆಮೇಲೆ ಟೇಪು ಎಷ್ಟು ಸುತ್ತು ಹುರಿಗೊಂಡಿದೆ ಎಂದು ಎಣಿಸಿದರು. 7ರಿಂದ 16 ಸುತ್ತು ಸಿಕ್ಕಿತು. ಗಾಳಿಸುರಂಗದಲ್ಲಿ ಅಳೆದಾಗ, ನಿಮಿಷಕ್ಕೆ 1,800 ಸುತ್ತು ತಿರುಗುವ ಚೆಂಡು 60 ಅಡಿ ಸಾಗುವಷ್ಟರಲ್ಲಿ ಸುಮಾರು 17 ಇಂಚು ಪಕ್ಕಕ್ಕೆ ಸರಿಯುತ್ತದೆ ಎಂದು ಗೊತ್ತಾಯಿತು.

ಕಾರಣ ಚೆಂಡಿನ ಸ್ಪಿನ್ ಮತ್ತು ಅದರ ಹೊಲಿಗೆಯಲ್ಲಿದೆ. ಬೇಸ್‌ಬಾಲ್ 142ರಿಂದ 149 ಗ್ರಾಂ ತೂಗುತ್ತದೆ, ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಎಂಟರ ಆಕಾರದ ಎರಡು ಚರ್ಮದ ತುಂಡುಗಳನ್ನು ಕೆಂಪು ದಾರದ 108 ಜೋಡಿ ಹೊಲಿಗೆ ಹಿಡಿದಿಟ್ಟಿದೆ. ಚೆಂಡನ್ನು ಹೇಗೆ ತಿರುಗಿಸಿದರೂ ಯಾವುದೋ ಒಂದು ಹೊಲಿಗೆ ಗಾಳಿಗೆ ಎದುರಾಗುತ್ತಲೇ ಇರುತ್ತದೆ. ಹೀಗೆ ಬಾಗಿ ಇಳಿಯುವ ಕರ್ವ್‌ಬಾಲ್ ಎಂಬ ಎಸೆತದಲ್ಲಿ ಚೆಂಡಿಗೆ ಟಾಪ್‌ಸ್ಪಿನ್ (ಮುಮ್ಮುಖ ಸುತ್ತು) ಇರುತ್ತದೆ. ಅದರ ಮೇಲ್ಭಾಗ ಎದುರುಗಾಳಿಗೆ ವಿರುದ್ಧವಾಗಿ ತಿರುಗುವುದರಿಂದ ಅಲ್ಲಿ ಗಾಳಿ ಬೇಗ ಚೆಂಡನ್ನು ಬಿಟ್ಟು ಹೋಗುತ್ತದೆ. ಕೆಳಭಾಗದಲ್ಲಿ ಅಂಟಿಕೊಂಡೇ ಹಿಂಬದಿಗೆ ಸುತ್ತಿ ಮೇಲಕ್ಕೆ ಚಿಮ್ಮುತ್ತದೆ. ಗಾಳಿಯನ್ನು ಮೇಲಕ್ಕೆ ತಳ್ಳಿದ ಚೆಂಡು ತಾನು ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ಮ್ಯಾಗ್ನಸ್ ಪರಿಣಾಮ ಎನ್ನುವುದು ಇದನ್ನೇ. ಬೆಂಗಳೂರಿನ ಎರಪಳ್ಳಿ ಪ್ರಸನ್ನ ಫ್ಲೈಟ್ ಮಾಡಿದ ಚೆಂಡು ಬ್ಯಾಟ್ಸ್‌ಮನ್ ಲೆಕ್ಕ ಹಾಕಿದ್ದಕ್ಕಿಂತ ಮೊದಲೇ ನೆಲಕ್ಕಿಳಿಯುತ್ತಿದ್ದುದರ ಹಿಂದೆಯೂ ಇದೇ ಬಲ. ಹೊಸ ಚೆಂಡಿನ ಸ್ವಿಂಗ್ ಮಾತ್ರ ಬೇರೆ ಲೆಕ್ಕ. ಅಲ್ಲಿ ಓರೆ ಹಿಡಿದ ಸೀಮ್ ಒಂದು ಪಕ್ಕದ ಗಾಳಿಯನ್ನು ಕದಡುತ್ತದೆ, ಸ್ಪಿನ್ನಿಗಿರುವ ಕೆಲಸ ಸೀಮನ್ನು ಅಲುಗದಂತೆ ನಿಲ್ಲಿಸುವುದಷ್ಟೆ.

ಹಾಗಾದರೆ ಜೋರಾಗಿ ತಿರುಗಿಸಿದರೆ ಸಾಕೇ? ಸಾಲದು. ಹೊಸಬರು ಸೋಲುವುದು ಇಲ್ಲಿಯೇ. ಎಷ್ಟು ತಿರುಗುತ್ತದೆ ಎನ್ನುವುದಕ್ಕಿಂತ ಯಾವ ಅಕ್ಷದ ಮೇಲೆ ತಿರುಗುತ್ತದೆ ಎನ್ನುವುದು ಮುಖ್ಯ. ಬಂದೂಕಿನ ಗುಂಡಿನಂತೆ ಸಾಗುವ ದಿಕ್ಕಿನ ಸುತ್ತಲೇ ತಿರುಗಿದರೆ ನಿಮಿಷಕ್ಕೆ 2,500 ಸುತ್ತು ತಿರುಗಿದರೂ ಮ್ಯಾಗ್ನಸ್ ಬಲ ಸೊನ್ನೆ.

ಕರ್ವ್‌ಬಾಲ್‌ಗೆ ಹಿಡಿತ ಹೀಗಿರಬೇಕು. ಮಧ್ಯದ ಬೆರಳು ಹೊಲಿಗೆಯ ಉದ್ದಕ್ಕೂ ಒತ್ತಿಕೊಂಡಿರಲಿ, ತೋರುಬೆರಳು ಅದರ ಪಕ್ಕಕ್ಕೆ, ಹೆಬ್ಬೆರಳು ಚೆಂಡಿನ ಅಡಿಗೆ. ಅಂಗೈಗೂ ಚೆಂಡಿಗೂ ನಡುವೆ ಸಂದು ಇರಲಿ, ಅಂಗೈಗೆ ಅಂಟಿದ ಚೆಂಡು ತಿರುಗುವುದಿಲ್ಲ. ಕೈ ಮುಂದೆ ಬರುವಾಗ ಅಂಗೈ ತಲೆಯ ಕಡೆಗೆ ಮುಖ ಮಾಡಿರಬೇಕು, ಮಚ್ಚು ಬೀಸಿ ತೆಂಗಿನಕಾಯಿ ಕೆತ್ತುವ ಹಾಗೆ. ಬಿಡುವ ಕ್ಷಣದಲ್ಲಿ ಬೆರಳುಗಳು ಚೆಂಡಿನ ಮುಂಬದಿಯಿಂದ ಕೆಳಕ್ಕೆ ಎಳೆಯಬೇಕು. ಬಾಗಿಲ ಗುಬ್ಬಿ ತಿರುಗಿಸಿದಂತೆ ಮಣಿಕಟ್ಟು ತಿರುಚಿದರೆ ಬೆರಳು ಪಕ್ಕಕ್ಕೆ ಜಾರಿ ಗುಂಡಿನ ಸ್ಪಿನ್ ಬರುತ್ತದೆ. ಆಗ ಚೆಂಡು ಇಳಿಯದೆ ಎದೆಮಟ್ಟದಲ್ಲೇ ತೇಲಿ ಬರುತ್ತದೆ. ಬ್ಯಾಟರ್‌ಗೆ ಅದಕ್ಕಿಂತ ಸುಲಭದ ತುತ್ತಿಲ್ಲ.

ಸ್ಪಿನ್ ಸರಿಯಿದೆಯೇ ಎಂದು ನೋಡಲು ಚೆಂಡಿನ ನಡುವೆ ಕಪ್ಪು ಟೇಪಿನ ಒಂದು ಪಟ್ಟಿ ಸುತ್ತಿ, ಪಟ್ಟಿಯನ್ನು ಗುರಿಯತ್ತ ನೆಟ್ಟಗೆ ಹಿಡಿದು ಎಸೆಯಿರಿ. ಗಾಳಿಯಲ್ಲಿ ಪಟ್ಟಿ ಒಂದೇ ಗೆರೆಯಾಗಿ ಕಂಡರೆ ಅಕ್ಷ ಸರಿಯಿದೆ, ಓಲಾಡಿದರೆ ಬೆರಳು ಜಾರಿದೆ.

‘ಕೊನೆಯಲ್ಲಿ ತಟಕ್ಕನೆ ಮುರಿಯುತ್ತದಲ್ಲ?’ ಎಂದೂ ಕೇಳುತ್ತಾರೆ. ಚೆಂಡು ಎಲ್ಲೂ ಮುರಿಯುವುದಿಲ್ಲ, ಕೈ ಬಿಟ್ಟಲ್ಲಿಂದ ಹೆಚ್ಚುಕಡಿಮೆ ಒಂದೇ ಸಮನಾದ ಬಲ ಅದನ್ನು ಎಳೆಯುತ್ತಿರುತ್ತದೆ. ಆದರೆ ಸರಿಯುವ ದೂರ ಸಮಯದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಗಂಟೆಗೆ 125 ಕಿ.ಮೀ. ವೇಗದ ಕರ್ವ್‌ಬಾಲ್ ಬ್ಯಾಟರ್ ಬಳಿ ತಲುಪಲು ಸುಮಾರು ಅರ್ಧ ಸೆಕೆಂಡ್ ಬೇಕು. 17 ಇಂಚಿನ ಬಾಗಿನಲ್ಲಿ ಮೊದಲರ್ಧ ಸಮಯಕ್ಕೆ ದಕ್ಕುವುದು ಸುಮಾರು 4 ಇಂಚು, ಉಳಿದ 13 ಇಂಚು ಆಮೇಲೆ. ಬ್ಯಾಟರ್ ಬೀಸಲು ಮನಸ್ಸು ಮಾಡುವ ಹೊತ್ತಿಗೆ ಬಾಗಿನ ಬಹುಪಾಲು ಇನ್ನೂ ಬಂದೇ ಇರುವುದಿಲ್ಲ.

ಫಾಸ್ಟ್‌ಬಾಲ್‌ನಲ್ಲಿ, ಅಂದರೆ ವೇಗದ ನೇರ ಎಸೆತದಲ್ಲಿ, ಇದೆಲ್ಲ ತಲೆಕೆಳಗು. ಬ್ಯಾಕ್‌ಸ್ಪಿನ್ (ಹಿಮ್ಮುಖ ಸುತ್ತು) ಚೆಂಡನ್ನು ಮೇಲಕ್ಕೆ ಎತ್ತುತ್ತದೆ, ಆದರೆ ಆ ಬಲ ಚೆಂಡಿನ ತೂಕವನ್ನು ಮೀರುವುದಿಲ್ಲ. ಹಾಗಾಗಿ ಚೆಂಡು ಏರುವುದಿಲ್ಲ, ಬೀಳಬೇಕಾದಷ್ಟು ಬೀಳುವುದಿಲ್ಲ ಅಷ್ಟೆ.

ಗಾಳಿ ತೆಳುವಾದರೆ ಈ ಬಲವೂ ಸೊರಗುತ್ತದೆ. ಅಮೆರಿಕದ ಡೆನ್ವರ್ ನಗರದ ಬೇಸ್‌ಬಾಲ್ ಮೈದಾನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಹೆಚ್ಚುಕಡಿಮೆ ಐದನೇ ಒಂದು ಪಾಲು ಕಡಿಮೆ. 17 ಇಂಚು ಬಾಗಬೇಕಾದ ಎಸೆತ 14ಕ್ಕೆ ನಿಲ್ಲುತ್ತದೆ. ಕಳೆದುಹೋದದ್ದು 3 ಇಂಚು. ಬ್ಯಾಟಿನ ಅತಿ ದಪ್ಪ ಭಾಗಕ್ಕೆ ನಿಯಮ ಕೊಡುವ ಮಿತಿ 2.61 ಇಂಚು. ಬೇರೆ ಊರಿನಲ್ಲಿ ಬ್ಯಾಟಿನ ಅಡಿಯಿಂದ ನುಸುಳಿಹೋಗುತ್ತಿದ್ದ ಅದೇ ಎಸೆತ ಅಲ್ಲಿ ನೇರ ಬ್ಯಾಟಿಗೇ ಬಂದು ಬಡಿಯುತ್ತದೆ.