ಮ್ಯಾನೇಜರ್ ಮಾತಿಗೆ ಮೆಷಿನ್ ಮಾರ್ಕ್ಸು

ನಮ್ಮ ಕಂಪನಿಯಲ್ಲಿ ಈಗ ನನ್ನಂಥ ಮ್ಯಾನೇಜರ್‌ಗಳ ಮಾತಿಗೂ ಮಾರ್ಕ್ಸು. ಆನ್‌ಲೈನ್ ಮೀಟಿಂಗ್‌ನ ಮಾತನ್ನೆಲ್ಲ ಒಂದು ಮೆಷಿನ್ ಕೇಳಿ ಬರೆದುಕೊಳ್ಳುತ್ತದೆ, ಮುಗಿಯುತ್ತಿದ್ದಂತೆ ಅದರ ರಿಪೋರ್ಟ್ ಬರುತ್ತದೆ. ಯಾರು ಎಷ್ಟು ಹೊತ್ತು ಮಾತಾಡಿದರು, ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಸಲ ಅಡ್ಡ ಬಾಯಿ ಹಾಕಿದರು, ಎಲ್ಲಾ ಅದರಲ್ಲಿ.

ಇದರಿಂದ ಲಾಭ ಇಲ್ಲವೇ ಇಲ್ಲ ಅನ್ನಲ್ಲ. ನಮ್ಮ ಮೇಲಿನ ಸಾಹೇಬರು ಯಾರಿಗೂ ಬಾಯಿ ಬಿಡಲು ಬಿಡುತ್ತಿರಲಿಲ್ಲ. ಈಗ ಗಡಿಯಾರ ನೋಡಿ ಸುಮ್ಮನಾಗುತ್ತಾರೆ, ಪಾಪ!

ತೊಂದರೆ ಇರುವುದು ಭಾಷೆಯಲ್ಲಿ. ದಾವಣಗೆರೆಯ ನಮ್ಮ ಬ್ರಾಂಚ್‌ನಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ಹುಡುಗರೇ ಜಾಸ್ತಿ. "ಆತ್ರೀ ಮೇಡಂ, ಮುಂಜಾನಿ ಮಾಡ್ತೀವಿ" ಅಂದರೆ ಮೆಷಿನ್ ಏನೇನೋ ಬರೆದುಕೊಳ್ಳುತ್ತದೆ. ಆ ತಪ್ಪು ಬರಹದ ಮೇಲೆಯೇ ನನ್ನ "ಸ್ಪಷ್ಟತೆ"ಗೆ ಮಾರ್ಕ್ಸು. 2020ರಲ್ಲಿ ಅಮೆರಿಕದ ಸಂಶೋಧಕರು ಐದು ದೊಡ್ಡ ಕಂಪನಿಗಳ, ಮಾತನ್ನು ಬರಹಕ್ಕಿಳಿಸುವ ಇಂಥ ವ್ಯವಸ್ಥೆಗಳನ್ನು ಪರೀಕ್ಷಿಸಿದ್ದರು. ಬಿಳಿಯರ ಮಾತಿನಲ್ಲಿ ನೂರು ಪದಕ್ಕೆ ಸರಾಸರಿ 19 ತಪ್ಪು, ಕಪ್ಪು ಜನರ ಮಾತಿನಲ್ಲಿ 35. ಇಂಗ್ಲಿಷಿಗೇ ಈ ಗತಿ ಅಂದಮೇಲೆ ನಮ್ಮ ಕನ್ನಡವನ್ನು ಕೇಳೋರು ಯಾರು?

ಇನ್ನೊಂದು ಕಾಲಂ "ಉತ್ಸಾಹ". ದನಿ ಕೇಳಿ ಮನಸ್ಸು ಅಳೆಯುತ್ತದಂತೆ! ಯುರೋಪಿಯನ್ ಒಕ್ಕೂಟದಲ್ಲಿ 2025ರ ಫೆಬ್ರುವರಿ 2ರಿಂದ ಕೆಲಸದ ಜಾಗದಲ್ಲಿ ದನಿ, ಮುಖ ನೋಡಿ ಎಐ ಮೂಲಕ ಭಾವನೆ ಅಳೆಯುವುದಕ್ಕೆ ನಿಷೇಧವಿದೆ. ವೈದ್ಯಕೀಯ, ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. ನೆಗಡಿಯಾದ ದಿನ ನನಗೆ ಉತ್ಸಾಹದಲ್ಲಿ ಭಾರೀ ಕಡಿಮೆ ಬಂತು.

ಎಚ್‌ಆರ್‌ಗೆ ಬರೆದಿದ್ದೇನೆ: ಆ ಕಾಲಂ ತೆಗೆಯಿರಿ, ಉಳಿದದ್ದನ್ನು ಇಂಕ್ರಿಮೆಂಟ್‌ಗೆ ಸೇರಿಸಬೇಡಿ, ನಮ್ಮ ಹುಡುಗರನ್ನೇ ಒಂದು ಮಾತು ಕೇಳಿ. ಉತ್ತರ ಇನ್ನೂ ಬಂದಿಲ್ಲ.